ಹುಳುಮನೆಯ ಗೋಡೆಯ ಮೇಲಿನ ಅಕ್ಷರ

ತೊಂಬತ್ತರ ದಶಕದ ಆರಂಭ ಎಂದುಕೊಂಡಿದ್ದೇನೆ; ವರ್ಷ ಖಚಿತವಿಲ್ಲ. ಆವತಿ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆ ರೇಷ್ಮೆಹುಳು ಸಾಕುತ್ತಿದ್ದರು. ಆಗ ಎಲ್ಲರಿಗೂ ಊಜಿ ನೊಣದ ಭಯ. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಮರಿ ಒಳಹೊಕ್ಕು ತಿನ್ನುತ್ತದೆ; ಗೂಡು ತೂತಾಗುತ್ತದೆ. ಅದಕ್ಕೇ ಹುಳುಮನೆಯ ಬಾಗಿಲಿಗೆ ನೈಲಾನ್ ಪರದೆ. ಸೊಪ್ಪಿನ ಹೊರೆ ಹೊತ್ತು ಬಂದವರೂ ಮೊದಲು ಅದನ್ನು ಮುಚ್ಚಬೇಕಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ. ಜಪಾನಿಗೆ ಹೋಗಿಬಂದ ಗೆಳೆಯನೊಬ್ಬ ಒಂದು ಚೀನೀ ಅಕ್ಷರ ಕಲಿಸಿದ್ದ. ಎಡಕ್ಕೆ ಹುಳುವಿನ ಗುರುತು, ಬಲಕ್ಕೆ ಪುಟ್ಟ ಏಣಿಯಂಥದ್ದು. ಚೀನಾದಲ್ಲಿ ಅದು ಕೊಳೆತದ್ದರಲ್ಲಿ ಹರಿದಾಡುವ ನೊಣದ ಮರಿಹುಳು. ಜಪಾನಿನಲ್ಲೂ ಅದೇ ಅರ್ಥ, ಓದುವುದು ‘ಉಜಿ’ ಎಂದು. ನಮ್ಮಲ್ಲಿಗೆ ಬರುವಷ್ಟರಲ್ಲಿ ಮರಿಯ ಹೆಸರು ತಾಯಿನೊಣಕ್ಕೆ ಅಂಟಿತ್ತು.

ಇದನ್ನು ತೋರಿಸುವ ಉತ್ಸಾಹದಲ್ಲಿ ಒಂದು ಮಧ್ಯಾಹ್ನ ಒಬ್ಬನೇ ಹುಳುಮನೆಗೆ ನುಗ್ಗಿದೆ. ಒಳಗೆ ಮಬ್ಬು. ಬೆಳಕಿಗೆಂದು ಪರದೆ ಎತ್ತಿ ಮೊಳೆಗೆ ಸಿಕ್ಕಿಸಿ, ಇದ್ದಿಲಿನಿಂದ ಗೋಡೆಯ ಮೇಲೆ ಬರೆದೆ. ಆಮೇಲೆ ಪರದೆ ಇಳಿಸಿದ್ದೆನೇ? ನೈಲಾನು ಕೈಗೆ ತಾಕಿದ ನೆನಪಿದೆ. ಆ ನೆನಪನ್ನು ನಾನೇ ಆಮೇಲೆ ಕಟ್ಟಿಕೊಂಡಿರಬಹುದು.

ಸಂಜೆ ಸೊಪ್ಪು ಹಾಕಲು ಬಂದ ಅತ್ತೆ ಗೋಡೆ ನೋಡಿದರು. “ಇದೇನಪ್ಪಾ, ರಂಗೋಲಿ?”

“ಊಜಿ, ಅತ್ತೆ. ಚೀನಾದೋರ ಅಕ್ಷರ.”

“ಹಂಗಾದ್ರೆ ನೊಣಕ್ಕೇ ತೋರ್ಸು. ಓದ್ಕೊಂಡು ವಾಪಸ್ ಹೋಗ್ಲಿ.”

ಅತ್ತೆಯ ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ಮದುವೆಯಾಗಿ ಬಂದಾಗಿನಿಂದ ಹುಳುಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳೇ.

ಮೂರನೆಯ ದಿನ ಹುಳುಗಳ ಮೈಮೇಲೆ ಊಜಿ ಮರಿ ಒಳಹೊಕ್ಕ ಗುರುತಾದ ಕಪ್ಪು ಚುಕ್ಕೆಗಳು ಕಂಡವು.

“ಅವತ್ತು ಸಂಜೆ ಪರದೆ ಮೊಳೆಗೆ ಸಿಕ್ಕಿದ್ದು ನಾನೇ ನೋಡ್ದೆ,” ಎಂದು ಅತ್ತೆ ಸೊಸೆಯ ಮೇಲೆ ಹರಿಹಾಯ್ದರು.

“ನಾನಲ್ಲ ಅತ್ತೆ.”

“ಮತ್ತೆ? ನೊಣಾನೇ ಬಂದು ಸಿಕ್ಸ್ತಾ? ಮುಂದಿನ ಹುಳದ ಬೆಳೆಗೆ ನೀನು ಒಳಗೆ ಕಾಲಿಡ್ಬೇಡ.”

ನಾನು ಕಾಫಿ ಲೋಟ ಹಿಡಿದು ಅಲ್ಲೇ ಕೂತಿದ್ದೆ. ಪಕ್ಕದ ಮನೆಗಳಲ್ಲೂ ಊಜಿ ಇತ್ತು, ಕಿಟಕಿಯ ಬಲೆ ಹರಿದಿತ್ತು ಎಂದೆಲ್ಲ ಈಗ ತರ್ಕಿಸಬಲ್ಲೆ. ಅಂದು ಯಾವ ತರ್ಕವನ್ನೂ ಮಾಡಲಿಲ್ಲ. ಬಾಯಿ ಬಿಡಲಿಲ್ಲ, ಅಷ್ಟೆ.

ತಿಂಗಳಾದ ಮೇಲೆ ಮತ್ತೆ ಹೋದಾಗ, ಹೊಸ ಬೆಳೆಗೆ ಮುಂಚೆ ಖಾಲಿ ಹುಳುಮನೆಗೆ ಅವಳು ಸುಣ್ಣ ಬಳಿಯುತ್ತಿದ್ದಳು. ಅಕ್ಷರದ ಹತ್ತಿರ ಬಂದು ಕೈ ನಿಲ್ಲಿಸಿದಳು.

“ಭಾವ, ಇದನ್ನ ಬರೀವಾಗ ಒಳಗೆ ಬೆಳಕಿತ್ತಾ?”

“ನೆನಪಿಲ್ಲ ಕಣಮ್ಮ,” ಎಂದೆ. ಅಂದು ಚೆನ್ನಾಗಿಯೇ ನೆನಪಿತ್ತು.

ಅವಳು ಅಕ್ಷರದ ಮೇಲೆ ಎರಡು ಸಲ ಸುಣ್ಣ ಬಳಿದಳು. ಇದ್ದಿಲು ಇನ್ನೂ ತೆಳ್ಳಗೆ ಕಾಣುತ್ತಿತ್ತು. ಮೂರನೆಯ ಸಲ ಬಳಿಯದೆ ಬಕೆಟ್ ಎತ್ತಿಕೊಂಡು ಮುಂದಿನ ಗೋಡೆಗೆ ಹೋದಳು.