ಶಿವಮಲ್ಲು ಮೇಷ್ಟ್ರ ಒಂದೇ ಸಾಲು

ಕೊಳ್ಳೇಗಾಲದಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಶಿವಮಲ್ಲು ಮೇಷ್ಟ್ರಿಗೆ ‘ಹೀಗಾದರೆ ಇದು, ಇಲ್ಲದಿದ್ದರೆ ಅದು’ ಎನ್ನುವ ಉದ್ದುದ್ದ ಇಫ್-ಎಲ್ಸ್ ಕಂಡರಾಗದು. ಯಾರಾದರೂ ಐದು ಸಾಲು ಬರೆದರೆ ಅಳಿಸಿ, ಷರತ್ತಿನ ಮುಂದೊಂದು ಪ್ರಶ್ನೆಚಿಹ್ನೆ, ‘ಆದರೆ’ಗೊಂದು ಉತ್ತರ, ಕೋಲನ್ ಎಂಬ ಎರಡು ಚುಕ್ಕೆಯಾಚೆ ‘ಆಗದಿದ್ದರೆ’ಗೊಂದು ಉತ್ತರ ಇಟ್ಟು ಒಂದೇ ಸಾಲಿಗೆ ಮಡಚಿಬಿಡುತ್ತಾರೆ. ಹೋಟೆಲಿನಲ್ಲೂ ಅಷ್ಟೇ: “ದೋಸೆ ಬಿಸಿಯಿದ್ರೆ ದೋಸೆ, ಇಲ್ದಿದ್ರೆ ಇಡ್ಲಿ ಕಣ್ಲಾ.” ಮನೆಯಲ್ಲಿ ಹೆಂಡತಿಯೊಡನೆ ಜಗಳವನ್ನೂ ಒಂದೇ ಸಾಲಲ್ಲಿ ಮುಗಿಸಲು ಹೋಗಿ ಸೋಲುತ್ತಾರೆ. ಮೊನ್ನೆ ಹನೂರಿನ ವಿದ್ಯಾರ್ಥಿನಿ ಜಯಮಣಿ ಕಂಕುಳಲ್ಲಿ ಕೂಸು ಹೊತ್ತು ಬಂದು, ಕಲಿಕೆ ಇಲ್ಲಿಗೇ ನಿಂತಿತೆಂಬ ಸಂಕಟದಲ್ಲಿ, “ನಮ್ಮತ್ತೆ ಕೂಸ್ನ ನೋಡ್ಕಂಡ್ರೆ ಬತ್ತೀನಿ ಸಾ,” ಎಂದಷ್ಟೇ ಹೇಳಿದಳು. “ನೋಡ್ಕಳ್ದಿದ್ರೆ? ಕೋಲನ್ ಆಚೆ ಖಾಲಿ ಬುಟ್ರೆ ಜಾವಾ ಒಪ್ಪಕಿಲ್ಲ ಕಣವ್ವ,” ಎಂದರು ಮೇಷ್ಟ್ರು. ಮರುದಿನ ತರಗತಿಯ ಫ್ಯಾನ್ ಬಿಚ್ಚಿ, ಅದರ ಕೊಂಡಿಗೆ ಹೆಂಡತಿಯ ಹಳೇ ಸೀರೆಯ ಜೋಲಿ ಕಟ್ಟಿದ್ದರು. ಕೂಸು ಅದರಲ್ಲಿ ಹಾಯಾಗಿ ನಿದ್ದೆಹೋಯಿತು, ಜಯಮಣಿಯೂ ಮಿಕ್ಕವರೂ ಬೆವರೊರೆಸಿಕೊಳ್ಳುತ್ತ ಜಾವಾ ಬರೆದರು.