ಬೆನ್ನಿಗೇರದ ಚೀಲ

ಹಾನಗಲ್ಲಿನ ಭತ್ತದ ಪೇಟೆಯಲ್ಲಿ ನಾನು ದಲಾಲಿ ಅಂಗಡಿಯ ಗುಮಾಸ್ತನಾಗಿದ್ದಾಗ ಚೀಲ ಹೊರುವ ಹಮಾಲರ ಸಂಘಕ್ಕೆ ಅವರಲ್ಲೇ ಒಬ್ಬ ಹಿರಿಯರು ಅಧ್ಯಕ್ಷರು. ಏನು ಕೇಳಿದರೂ ಹೆಗಲ ಮೇಲಿನ ಟವೆಲ್ ಝಾಡಿಸಿ, "ನಂದೇನೈತ್ರಿ, ಎಲ್ಲಾ ಮಂದೀದು" ಎನ್ನುತ್ತಿದ್ದರು. ಅದು ಬರೀ ಮಾತಿನ ಚಟ ಅಂದುಕೊಂಡಿದ್ದೆ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು, ಒಂದೊಂದು ಚೀಲಕ್ಕೆ ತುಂಬುವ ತೂಕ ಕಡಿಮೆ ಮಾಡಬೇಕೆಂದು ಹಮಾಲರು ಕೆಲಸ ನಿಲ್ಲಿಸಿದರು. ನಮ್ಮ ಸಾಹುಕಾರರು ಅಧ್ಯಕ್ಷರನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಚಹಾ ಕುಡಿಸಿ, "ಮುಂದಿನ ಸುಗ್ಗಿಗೆ ನೋಡೂಣು" ಎಂದರು. ಇವರು ಒಪ್ಪಿಬಿಟ್ಟರು! ಹೊರಗೆ ಬಂದವರೇ, "ಏಳ್ರೆಪಾ, ಕೆಲಸ ಚಾಲೂ ಮಾಡ್ರಿ" ಎಂದು, ತಾವೇ ಮೊದಲ ಚೀಲಕ್ಕೆ ಬೆನ್ನು ಕೊಟ್ಟು ಬಗ್ಗಿದರು.

ತುಂಬಿದ ಚೀಲವನ್ನು ಇಬ್ಬರು ಎತ್ತಿ ಬೆನ್ನಿಗೆ ಹಾಕಬೇಕು. ಯಾರೂ ಏಳಲಿಲ್ಲ. ಇವರು ಬಗ್ಗಿಕೊಂಡೇ ಇದ್ದರು. ಸಾಹುಕಾರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ಅಧ್ಯಕ್ಷರು ನೆಟ್ಟಗೆ ನಿಂತು, ಸಾಹುಕಾರರ ಕಡೆ ತಿರುಗಿ, ಟವೆಲ್ ಝಾಡಿಸಿ, ಅದೇ ಮಾತು: "ನಂದೇನೈತ್ರಿ, ಎಲ್ಲಾ ಮಂದೀದು."

ಆ ಸುಗ್ಗಿಯಲ್ಲೇ ಚೀಲಗಳು ಹಗುರಾದವು. ಆದರೆ ನನ್ನ ತಲೆಯಲ್ಲೊಂದು ಹುಳ ಹೊಕ್ಕಿತ್ತು. "ಯಾರೂ ಎತ್ತಂಗಿಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

ಅವರು ನಕ್ಕರು. "ಎತ್ತಿದ್ರ, ಹೊತ್ಕೊಂಡು ಹೋಗ್ತಿದ್ನಿ ನೋಡ್ರಿ."