ಮಕ್ಸೂದಾರ ನಳಿಗೆ, ಕಾತ್ಯಾಯಿನಿಯವರ ಅರಿಶಿನ

ಇನ್ನೂ ಬೆಳಕು ಹರಿಯುತ್ತಿದೆ. ವಾಷಿಂಗ್ಟನ್ ಸಮೀಪದ ಆಸ್ಪತ್ರೆಯೊಂದರಲ್ಲಿ ನರ್ಸ್ ಮಕ್ಸೂದಾ ಬೇಗಂ ರೋಗಿಗಳ ಮುಖಕ್ಕಿಂತ ಮೊದಲು ಎದೆ, ಕುತ್ತಿಗೆ, ತೋಳು ನೋಡುತ್ತಾರೆ. ರಕ್ತನಾಳಕ್ಕೆ ಇಳಿಸಿದ ಸಪೂರ ನಳಿಗೆ ಚರ್ಮ ಹೊಕ್ಕಿರುವ ಜಾಗ ಕೆಂಪಾಗಿದೆಯೇ, ಊದಿದೆಯೇ, ಮೇಲೆ ಅಂಟಿಸಿದ ಪಟ್ಟಿ ಸಡಿಲಾಗಿದೆಯೇ? ಅಲ್ಲಿ ಕ್ರಿಮಿ ನುಸುಳಿದರೆ ನೇರ ರಕ್ತಕ್ಕೇ. ಇವರು "ಗುಡ್ ಮಾರ್ನಿಂಗ್" ಹೇಳುವುದೂ ನಳಿಗೆಗೇ ಎಂದು ಜೊತೆಯವರು ಕಾಲೆಳೆಯುತ್ತಾರೆ.

ಮೈಸೂರಿನಲ್ಲಿ ನರ್ಸಿಂಗ್ ಕಲಿತು, ಪತಿ ಕಲೀಮುಲ್ಲಾ ಜೊತೆ ಇಲ್ಲಿನ ಸೆಂಟರ್‌ವಿಲ್ ಊರಿಗೆ ಬಂದವರು ಇವರು. "ಹೊಸದ್ರಲ್ಲಿ ಇಲ್ಲಿಯವರ ಇಂಗ್ಲಿಷ್ ತಲೆಗೇ ಹೋಗ್ತಿರ್ಲಿಲ್ಲ. ಎಲ್ಲದಕ್ಕೂ ಓಕೆ ಅಂತಿದ್ದೆ. ಒಬ್ರು ಐಸ್‌ಕ್ರೀಂ ಕೇಳಿದ್ರಂತೆ, ನಾನು ಬಿಪಿ ಚೆಕ್ ಮಾಡಿ ಬಂದೆ!"

ಈಗ, ತೊಂಬತ್ತರ ದಶಕದಲ್ಲಿ, ಕ್ರಿಮಿನಾಶಕ ಲೇಪಿಸಿದ ಹೊಸ ನಳಿಗೆಗಳು ಬಂದಿವೆ. ಕಳೆದ ತಿಂಗಳು ಅಂಥದೊಂದನ್ನು ಕನ್ನಡಿಗ ರೋಗಿ ಕೇಶವಮೂರ್ತಿಯವರ ಎದೆಗೆ ಹಾಕಿದ್ದರು. ಕರುಳಿನ ಶಸ್ತ್ರಚಿಕಿತ್ಸೆಯಾಗಿ ಬಾಯಿಗೆ ತೊಟ್ಟು ನೀರೂ ಇಲ್ಲದ ಅವರಿಗೆ ಆಹಾರವೆಲ್ಲ ಅದರಿಂದಲೇ. ಗಾಬರಿಯಾಗಿದ್ದ ಪತ್ನಿ ಕಾತ್ಯಾಯಿನಿಯವರಿಗೆ ಮಕ್ಸೂದಾ ಕನ್ನಡದಲ್ಲೇ ಧೈರ್ಯ ಹೇಳಿದರು: "ವರಿ ಮಾಡ್ಬೇಡಿ ಆಂಟಿ, ಇದಕ್ಕೆ ಮದ್ದು ಹಚ್ಚಿದ್ದಾರೆ."

ಮರುದಿನ ಬೆಳಿಗ್ಗೆ ನೋಡಿದರೆ ಪಟ್ಟಿಯ ಸುತ್ತ ಹಳದಿಯೋ ಹಳದಿ! ಮಕ್ಸೂದಾ "ಕೀವು!" ಎಂದು ಕೂಗಿಯೇಬಿಟ್ಟರು. ಡಾಕ್ಟರು ಓಡಿ ಬಂದರು. ಅಷ್ಟರಲ್ಲಿ ಮಕ್ಸೂದಾರ ಮೂಗಿಗೆ ಅಡುಗೆಮನೆಯ ಪರಿಚಿತ ವಾಸನೆ ಬಡಿಯಿತು.

"ಆಂಟೀ, ಅರಿಶಿನಾನಾ?"

"ಮದ್ದು ಹಚ್ಚಿದ್ದಾರೆ ಅಂದ್ಯಲ್ಲಮ್ಮ, ನಮ್ಮ ಕಡೆಯಿಂದಲೂ ಒಂದಿಷ್ಟು ಇರ್ಲಿ ಅಂತ," ಎಂದರು ಕಾತ್ಯಾಯಿನಿ. ಡಾಕ್ಟರು ಮಕ್ಸೂದಾರತ್ತ ತಿರುಗಿ, "ಏನಿದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಕ್ಸೂದಾ, "ಸ್ಪೈಸ್" ಎಂದರು.

ನಗುವ ಹೊತ್ತಲ್ಲ ಅದು. ಪಟ್ಟಿಯ ಒಳಗೂ ಸೇರಿದ್ದರೆ? ಪಟ್ಟಿ ಬಿಚ್ಚಿ ನೋಡಿದರು. ಪುಣ್ಯಕ್ಕೆ ಒಳಗೆ ಸ್ವಚ್ಛವಾಗಿಯೇ ಇತ್ತು. ಅಯೋಡಿನ್‌ನಿಂದ ಉಜ್ಜಿ ಹೊಸ ಪಟ್ಟಿ ಹಾಕಿದರು. ಮಲಗಿದ್ದಲ್ಲಿಂದಲೇ ಕೇಶವಮೂರ್ತಿ ನರಳಿದರು: "ಅವಳು ಹಳದಿ ಬಳಿದ್ಲು, ನೀನು ಕಂದು ಬಳೀತಿದೀಯ. ನಾನೇನು ಕಾಂಪೌಂಡ್ ಗೋಡೆನೇನಮ್ಮ?"

ಕಾತ್ಯಾಯಿನಿ ಕಣ್ಣೊರೆಸಿಕೊಂಡರು. ಮಕ್ಸೂದಾ ಅವರ ಕೈ ಹಿಡಿದು, "ಅಂಕಲ್‌ಗೆ ಬೇಡ. ಬಾಟಲ್ ನೇತು ಹಾಕಿರೋ ಈ ಸ್ಟ್ಯಾಂಡಿಗೆ ಒಂದು ಬೊಟ್ಟಿಡಿ. ಆಮೇಲೆ ಮಾತ್ರ ಕೈ ಸೋಪ್ ಹಾಕಿ ತೊಳ್ಕೊಬೇಕು," ಎಂದರು. ಆಯುಧಪೂಜೆಯ ಸೈಕಲ್ಲಿನಂತೆ ಅಲಂಕಾರಗೊಂಡ ಆ ಸ್ಟ್ಯಾಂಡ್ ನೋಡಲು ಬೇರೆ ವಾರ್ಡಿನವರೂ ಬಂದರಂತೆ. ಜ್ವರವೇನೋ ಬರಲಿಲ್ಲ. ನಳಿಗೆ ತೆಗೆಸಿಕೊಂಡು ಕೇಶವಮೂರ್ತಿ ಮನೆಗೆ ಹೋಗಿ ಸಾರನ್ನ ಉಂಡರು.

ಲೇಪವಿದ್ದರೆ ನಿಮಗೆ ಕೆಲಸ ಕಡಿಮೆಯಲ್ಲವೇ ಎಂದು ನಾವು ಕೇಳಿದರೆ ಮಕ್ಸೂದಾ ನಗುತ್ತಾರೆ. "ಲೇಪ ಕ್ರಿಮೀನ ತಡೆಯುತ್ತೆ. ಆಂಟಿಯರನ್ನ ಯಾರು ತಡೀತಾರೆ?"

ನಿಮ್ಮ ಆಸೆ?

"ಜ್ವರ ಬಂದ್ರೆ ಎಲ್ರೂ ನನ್ನ ಹೆಸರು ಹಿಡಿದು ಕೂಗ್ತಾರೆ. ಜ್ವರ ಬರದೇ ಇದ್ದವ್ರು ನನ್ನ ಮರ್ತು ಆರಾಮಾಗಿ ಮನೆಗೆ ಹೋಗ್ತಾರೆ. ನನ್ನ ಮರೆಯೋರು ಜಾಸ್ತಿ ಆಗ್ಲಿ, ಅಷ್ಟೇ."